ಕೊನಿ ನಾಲ್ಕೈದು ಮಂದ್ಯಾಗ ಬಂದ್ ಮ್ಯಾಲ ಪ್ರತಿ ಸಲ ನಾನ ಯಾಕ ಔಟ್ ಆಗ್ತೀನಿ?

ಪ್ರಶ್ನೆ: ಅಣ್ಣಾ, ನಾವು ಕಲಬುರಗ್ಯಾಗ ಒಂಬತ್ತು ಮಂದಿ ಗೆಳ್ಯಾರು ಶನಿವಾರ ರಾತ್ರಿ ಮಾಳಗಿ ಮ್ಯಾಲ ಕೂಡಿ ಪೋಕರ್ ಟೂರ್ನಮೆಂಟ್ ಆಡ್ತೀವಿ. ರೊಕ್ಕ ಇಲ್ರಿ, ಬರೇ ಪಾಯಿಂಟ್. ಐದು ಮಂದಿ ಉಳಿಯೋ ತನ ನನ್ ಆಟ ಛಲೋನೇ ಇರ್ತದ, ಆಮ್ಯಾಲ ಒಳ್ಳೆ ಎಲಿ ಬರ್ಲಿ ಅಂತ ಕಾಯ್ಕೋತ ಕುಂತ್ರೂ ಔಟ್ ಆಗ್ತೀನಿ. ಎಲ್ಲಿ ತಪ್ಲತ್ತದ?

ಉತ್ತರ: ತಮ್ಮಾ, ಈ ಪ್ರಶ್ನೆ ನನಗ ಭಾಳ ಮಂದಿ ಕೇಳ್ತಾರ, ಮತ್ತ ಎಲ್ಲರೂ ಹಿಂಗೇ ಕಾಯ್ಕೋತ ಕುಂತವರೇ. ರೊಕ್ಕ ಇಲ್ದ ಆಡೂದು ಛಲೋ ಮಾಡೀರಿ, 2025ರ ಆಗಸ್ಟ್‌ನಾಗ ಬಂದ ಕೇಂದ್ರದ ಕಾಯ್ದೆ ರೊಕ್ಕ ಹಚ್ಚಿ ಆಡೋ ಆನ್‌ಲೈನ್ ಆಟ ಎಲ್ಲಾ ಬಂದ್ ಮಾಡ್ಯಾದ, ಆ ಕಡಿ ಹೋಗಬ್ಯಾಡ್ರಿ.

ಈಗ ಲೆಕ್ಕಾ ನೋಡು. ಕೊನೀಗೆ ಬಂದಾಗ ನಿನ್ ಹತ್ರ ಎಷ್ಟು ಚಿಪ್ಸ್ ಅವ ಅಂತ ಎಣಸಬ್ಯಾಡ, ಎಷ್ಟು ಬಿಗ್ ಬ್ಲೈಂಡ್ ಅವ ಅಂತ ಎಣಸು. ಬ್ಲೈಂಡ್ ಅಂದ್ರ ಎಲಿ ನೋಡೂಕ ಮೊದಲೇ ಇಬ್ಬರು ಇಡಲೇಬೇಕಾದ ಚಿಪ್ಸ್, ದೊಡ್ಡದು ಬಿಗ್, ಅದರ ಅರ್ಧ ಸ್ಮಾಲ್. 10 ಬಿಗ್ ಬ್ಲೈಂಡ್ ಉಳದಾವ ಅನ್ಕೋ. ಒಂದು ಸುತ್ತಿಗೆ ಸ್ಮಾಲ್ ಬ್ಲೈಂಡ್ ಅರ್ಧ, ಬಿಗ್ ಬ್ಲೈಂಡ್ ಒಂದು, ಆ್ಯಂಟಿ (ಬಿಗ್ ಬ್ಲೈಂಡ್ ಇಡೋವನೇ ಎಲ್ಲರ ಪರವಾಗಿ ಇಡೋ ಇನ್ನೊಂದು ಅಷ್ಟೇ ಚಿಪ್ಸ್) ಇದ್ರ ಅದೊಂದು, ಒಟ್ಟು ಎರಡೂವರಿ ಹೋಗ್ತದ. ಒಂಬತ್ತು ಮಂದಿ ಇದ್ದಾಗ ಆ ಸುತ್ತು ಒಂಬತ್ತು ಕೈಗೊಮ್ಮೆ (ಒಮ್ಮೆ ಎಲಿ ಹಂಚಿದ್ರ ಒಂದು ಕೈ) ಬರ್ತಿತ್ತು, ಈಗ ಐದೇ ಮಂದಿ, ಐದು ಕೈಗೇ ಬಂದ್ ಬಿಡ್ತದ. ಅಂದ್ರ ಸುಮ್ನ ಕುಂತ್ರ 20 ಕೈಯಾಗ ನೀ ಖಾಲಿ, ನಡುವ ಬ್ಲೈಂಡ್ ಏರಿದ್ರ ಇನ್ನೂ ಲಗೂನ. ಆ 20 ಕೈಯಾಗ ನೀ ಕಾಯ್ಲತ್ತಿರೋ ಎಲಿ, ಅಂದ್ರ ಎಕ್ಕಾ ಜೋಡಿ, ರಾಜ ಜೋಡಿ, ರಾಣಿ ಜೋಡಿ, ಗುಲಾಮ ಜೋಡಿ ಇಲ್ಲಾ ಎಕ್ಕಾ-ರಾಜ, ಎಷ್ಟು ಸಲ ಬರ್ತದ? ಎರಡು ಎಲಿದು 1326 ಜೋಡಣಿ ಆಗ್ತಾವ, ಅದ್ರಾಗ ಇವು 40 ಅಷ್ಟ, 33 ಕೈಗೆ ಒಂದು. 20 ಕೈಯಾಗ ಒಮ್ಮೆರೆ ಬರೂದು ಶೇಕಡಾ 46, ಅರ್ಧಕ್ಕಿಂತ ಕಡಿಮಿ. ರೇಟ್ ಬರ್ಲಿ ಅಂತ ತೊಗರಿ ಗಂಜ್‌ಗೆ ಒಯ್ಲಾರ್ದ ಮನ್ಯಾಗೇ ಚೀಲ ಇಟ್ಕೊಂಡು ಕುಂತ್ರ ಹುಳ ಹತ್ತಿ ತೂಕ ಇಳಿತದಲ್ಲ, ಬ್ಲೈಂಡ್‌ನೂ ಅದೇ ಹುಳ.

ಹಂಗಾದ್ರ ಏನ್ ಮಾಡ್ಬೇಕು? ಮೊದಲು ನೀನ ಆಲ್-ಇನ್ (ಇದ್ದ ಚಿಪ್ಸ್ ಎಲ್ಲಾ) ಹಾಕು, ಇನ್ನೊಬ್ಬ ಹಾಕಿದ್ದಕ್ಕ ಕಾಲ್ ಮಾಡೂದು, ಅಂದ್ರ ಅಷ್ಟೇ ಇಟ್ಟು ಎದುರಿಸೂದು, ಕಡಿಮಿ ಮಾಡು. ನೀ ಹಾಕಿದ್ರ ಗೆಲ್ಲೂದಕ್ಕ ಎರಡು ದಾರಿ ಇರ್ತಾವ, ಎದುರಿನವ ಫೋಲ್ಡ್ ಮಾಡಬೇಕು (ಎಲಿ ಬಿಟ್ಟುಬಿಡಬೇಕು) ಇಲ್ಲಾ ನಿನ್ ಎಲಿ ಗೆಲ್ಲಬೇಕು, ಕಾಲ್ ಮಾಡಿದ್ರ ಒಂದೇ ದಾರಿ. ಬಟನ್ ಮ್ಯಾಲ, ಅಂದ್ರ ಎಲಿ ಹಂಚೋವನ ಜಾಗಾದಾಗ, 10 ಬಿಗ್ ಬ್ಲೈಂಡ್ ಇಟ್ಕೊಂಡು ಕುಂತಿ, ನಿನಗಿಂತ ಮೊದಲಿನವರೆಲ್ಲಾ ಫೋಲ್ಡ್ ಮಾಡ್ಯಾರ ಅಂದ್ರ ಯಾವ ಜೋಡಿ ಇದ್ರೂ, ಯಾವ ಎಕ್ಕಾ ಇದ್ರೂ, ರಾಜ-ರಾಣಿ ಇದ್ರೂ ಹಾಕ್ಬಿಡು. ಬ್ಲೈಂಡ್ ಇಟ್ಟ ಇಬ್ಬರೂ ಬಿಟ್ಟುಕೊಟ್ರ ಎರಡೂವರಿ ಸಿಗ್ತದ, ಒಂದೇ ಏಟಿಗೆ ನಿನ್ ಸ್ಟ್ಯಾಕ್ (ಚಿಪ್ಸ್ ಗುಡ್ಡಿ) ಶೇಕಡಾ 25 ಬೆಳೀತದ. ಮೂರು ಬ್ಲೈಂಡ್ ಏರಿಸಿ ಆಮ್ಯಾಲ ಅಂಜಿ ಫೋಲ್ಡ್ ಮಾಡೂದು ಮಾತ್ರ ಮಾಡಲೇಬ್ಯಾಡ, ಮೂರನೇ ಒಂದು ಭಾಗದ ಹತ್ರ ಅಲ್ಲೇ ಹೋಯ್ತು.

ಕಾಲ್ ಮಾಡೂದು ಯಾಕ ಅಷ್ಟು ತುಟ್ಟಿ ಅಂತ ನನಗೂ ಮೊದಲು ತಿಳೀತಿರ್ಲಿಲ್ಲ. ಒಮ್ಮೆ ಮೂರು ಮಂದಿ ಉಳಿದಾಗ ಎಕ್ಕಾ-ಹತ್ತು ಹಿಡಕೊಂಡು ದೊಡ್ಡ ಸ್ಟ್ಯಾಕಿನವಗ ಕಾಲ್ ಮಾಡಿ ಹೋದೆ, ಮನೀಗೆ ಬಂದು ಪೇಪರ್ ಮ್ಯಾಲ ಲೆಕ್ಕಾ ಹಾಕಿ ನೋಡಿದೆ, ಅವತ್ತೇ ಕಣ್ಣು ತೆರೀತು. ಆ ಲೆಕ್ಕಕ್ಕ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಅಂತಾರ, ಯಾರ ಹತ್ರ ಎಷ್ಟು ಚಿಪ್ಸ್ ಅವ ಅಂತ ನೋಡಿ ಬಹುಮಾನದಾಗ ಅವರ ಪಾಲು ಸರಾಸರಿ ಎಷ್ಟು ಅಂತ ಹೇಳ್ತದ. ಲೆಕ್ಕದ ಮೂಲ ಕುದುರಿ ರೇಸಿಂದು, 1973ರಾಗ ಡೇವಿಡ್ ಹಾರ್ವಿಲ್ ಅನ್ನೋರು ಬರದಿದ್ರು, 1987ರಾಗ ಮೇಸನ್ ಮಾಲ್ಮತ್ ಅನ್ನೋರು ಪೋಕರ್‌ಗೆ ಹಚ್ಚಿದ್ರು. ಮೂರು ಮಂದಿ ಅವರ, ಚಿಪ್ಸ್ 5000, 3000, 2000. ಬಹುಮಾನ 50, 30, 20 ಪಾಯಿಂಟ್. ಅರ್ಧ ಚಿಪ್ಸ್ ಇದ್ದವನ ಪಾಲು 50 ಅಲ್ಲ, 38 ಅಷ್ಟ. 2000 ಇದ್ದವನ ಪಾಲು 20 ಅಲ್ಲ, 29 ಹತ್ರ, ಯಾಕಂದ್ರ ಅವ ಏನೂ ಗೆಲ್ಲಲಿಲ್ಲಂದ್ರೂ 20 ಅಂತೂ ಸಿಗೂದೇ.

ನೀ 3000 ಇದ್ದವ ಅನ್ಕೋ, 5000 ಇದ್ದವ ಆಲ್-ಇನ್ ಹಾಕಿದ. ಬ್ಲೈಂಡ್ ಲೆಕ್ಕಕ್ಕ ಹಿಡೀಬ್ಯಾಡ. ಫೋಲ್ಡ್ ಮಾಡಿದ್ರ ನಿನ್ ಪಾಲು 32.75. ಕಾಲ್ ಮಾಡಿ ಗೆದ್ರ 41, ಸೋತ್ರ 20. ಅಂದ್ರ ಗೆದ್ರ ಸುಮಾರು 8 ಬರ್ತದ, ಸೋತ್ರ ಸುಮಾರು 13 ಹೋಗ್ತದ. ಇದು ಸರಿಹೋಗ್ಬೇಕಂದ್ರ ನೂರಕ್ಕ 61 ಸಲ ಗೆಲ್ಲೋ ಎಲಿ ಬೇಕು. ಎದುರಿನವನ ಕೈಯಾಗ ಎಕ್ಕಾ-ರಾಜ ಅದ ಅಂತ ಪಕ್ಕಾ ಗೊತ್ತಿದ್ರ ನಿನ್ ರಾಣಿ ಜೋಡಿನೂ ಸಾಲೂದಿಲ್ಲ, ಅದು ಗೆಲ್ಲೂದು 57ರ ಹತ್ರ ಅಷ್ಟ. ನಂಬೂದು ಕಷ್ಟ, ಖರೆ, ಆದ್ರ ಲೆಕ್ಕಾ ಹಿಂಗೇ ಅದ.

ಇದನ್ನೇ ತಿರುಗಿಸಿ ನೋಡು. ದೊಡ್ಡ ಸ್ಟ್ಯಾಕ್ ನಿನ್ ಹತ್ರ ಇದ್ರ ಆ ನಡುವಿನವನ ಮ್ಯಾಲೇ ಒತ್ತಡ ಹಾಕು, ಅವಗ ಕಾಲ್ ಮಾಡೂದು ಭಾಳ ತುಟ್ಟಿ ಬೀಳ್ತದ. ಎರಡೇ ಬ್ಲೈಂಡ್ ಉಳದವನ ಮ್ಯಾಲ ಸುಮ್‌ಸುಮ್ನ ಹಾಕಬ್ಯಾಡ, ಅವ ಕಳಕೊಳ್ಳೂದಕ್ಕ ಏನೂ ಇಲ್ಲ, ಯಾವ ಎಲಿಗಾದ್ರೂ ಕಾಲ್ ಮಾಡ್ತಾನ.

ಇಬ್ಬರೇ ಉಳಿದ್ರಂತೂ ಈ 61ರ ಲೆಕ್ಕಾ ಮುಗೀತು, ಎರಡನೇ ಬಹುಮಾನ ಇಬ್ಬರ ಕಿಸೆದಾಗೂ ಬಿದ್ದದ, ಅಲ್ಲಿಂದ ಬರೇ ಚಿಪ್ಸ್ ಲೆಕ್ಕಾ. ನಿಮ್ ಗುಂಪಿನಾಗ ಗೆದ್ದವನಿಗೆ ಒಬ್ಬನಿಗೇ ಪಾಯಿಂಟ್ ಕೊಡೂ ಪದ್ಧತಿ ಇದ್ರನೂ ಅಷ್ಟ, ಅಲ್ಲಿ 50 ದಾಟಿದ್ರ ಸಾಕು ಕಾಲ್ ಮಾಡಬಹುದು. ನೀವು ಪಾಯಿಂಟ್ ಹ್ಯಾಂಗ ಹಂಚ್ತೀರಿ ಅಂತ ನೀ ಬರದಿಲ್ಲ, ಬರದು ಕಳಸು, ನಿಮ್ ಆಟದ ಲೆಕ್ಕಾನೇ ಹಾಕಿ ಹೇಳ್ತೀನಿ.