ಟಿಪ್ಪುವಿನ ಸೋದರಳಿಯ ಇಂಗ್ಲಿಷಿನಲ್ಲಿ ಕಾಣೆಯಾದ ಬಗೆ

‘ಸಮುದ್ರದಡಿ 20,000 ಲೀಗ್’ ಕಾದಂಬರಿಯಲ್ಲಿ ಜಲಾಂತರ್ಗಾಮಿ ನಡೆಸುವ ಕ್ಯಾಪ್ಟನ್ ನೆಮೊ ಯಾವ ದೇಶದವನು? ಜೂಲ್ಸ್ ವರ್ನ್‌ನನ್ನು ಓದಿಕೊಂಡ ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತವೆ. ಒಬ್ಬರಿಗೆ ಅವನು ದೇಶವನ್ನೇ ತೊರೆದವನು, ಇನ್ನೊಬ್ಬರಿಗೆ ಪೋಲೆಂಡಿನವನು. 1954ರ ಹಾಲಿವುಡ್ ಚಿತ್ರದಲ್ಲಿ ಜೇಮ್ಸ್ ಮೇಸನ್‌ರನ್ನು ನೋಡಿದವರಿಗೆ ಅವನು ಬಿಳಿಯ. 2003ರ ಚಿತ್ರದಲ್ಲಿ ಅದೇ ಪಾತ್ರದಲ್ಲಿ ನಾಸಿರುದ್ದೀನ್ ಶಾ ಅವರನ್ನು ನೋಡಿದವರಿಗೆ ಪೇಟ ಸುತ್ತಿದ ಭಾರತೀಯ. ನಾಲ್ಕಕ್ಕೂ ಒಂದೊಂದು ಆಧಾರವಿದೆ. ಇವುಗಳ ಜೊತೆಗೆ ಐದನೆಯದೊಂದು ಉತ್ತರವೂ ಇದೆ: ನೆಮೊ ಟಿಪ್ಪು ಸುಲ್ತಾನನ ಸಂಬಂಧಿ. ಇದು ಅಭಿಮಾನಿಗಳು ಕಟ್ಟಿದ ಕಥೆಯಲ್ಲ, ವರ್ನ್ ಫ್ರೆಂಚಿನಲ್ಲಿ ಬರೆದು 1875ರಲ್ಲಿ ಅಚ್ಚಾದ ಮಾತು. ಅದು ಬಹುಪಾಲು ಓದುಗರಿಗೆ ತಲುಪದೇ ಹೋದದ್ದಕ್ಕೆ ಪುಸ್ತಕ ವ್ಯಾಪಾರದ ಒಂದು ಉದ್ದದ ಹಿನ್ನೆಲೆಯಿದೆ.

ವರ್ನ್‌ನ ಬದುಕನ್ನು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. 1828ರಲ್ಲಿ ಫ್ರಾನ್ಸಿನ ನಾಂತ್ ಬಂದರಿನಲ್ಲಿ ವಕೀಲರ ಮನೆಯಲ್ಲಿ ಹುಟ್ಟಿದ, ಕಾನೂನು ಓದಲು ಪ್ಯಾರಿಸ್ಸಿಗೆ ಹೋಗಿ ನಾಟಕ ಬರೆದ, ಷೇರುಪೇಟೆಯಲ್ಲಿ ದಲ್ಲಾಳಿ ಕೆಲಸ ಮಾಡಿದ, 1863ರಲ್ಲಿ ಬಲೂನು ಪ್ರಯಾಣದ ಕಾದಂಬರಿಯಿಂದ ಹೆಸರಾದ, 1905ರಲ್ಲಿ ಅಮಿಯಾಂ ಪಟ್ಟಣದಲ್ಲಿ ತೀರಿಕೊಂಡ. ಅಷ್ಟರಲ್ಲಿ ‘ಅಸಾಧಾರಣ ಯಾನಗಳು’ ಮಾಲೆಯಲ್ಲಿ 54 ಕಾದಂಬರಿಗಳು ಹೊರಬಂದಿದ್ದವು.

ಇಷ್ಟು ಬರೆಸಿದ್ದು ಪ್ರಕಾಶಕ ಪಿಯೆರ್-ಜೂಲ್ ಹೆಟ್ಜೆಲ್ ಕಟ್ಟಿದ ವ್ಯವಸ್ಥೆ. ಒಪ್ಪಂದದ ಪ್ರಕಾರ ವರ್ಷಕ್ಕೆ ಎರಡು-ಮೂರು ಸಂಪುಟ ಕೊಡಬೇಕು. ಕಥೆ ಮೊದಲು ಹೆಟ್ಜೆಲ್‌ನ ಕುಟುಂಬ ಪತ್ರಿಕೆಯಲ್ಲಿ ಕಂತುಕಂತಾಗಿ ಬರುತ್ತಿತ್ತು, ಆಮೇಲೆ ಚಿತ್ರಗಳಿಲ್ಲದ ಸಣ್ಣ ಪುಸ್ತಕವಾಗಿ, ಕೊನೆಗೆ ಹಬ್ಬದ ಉಡುಗೊರೆಗೆ ಒಪ್ಪುವ ದೊಡ್ಡ ಸಚಿತ್ರ ಸಂಪುಟವಾಗಿ. ಒಂದೇ ಬೆಳೆಗೆ ಮೂರು ಕೊಯ್ಲು. ಪತ್ರಿಕೆ ಮಕ್ಕಳ ಕೈಗೂ ಹೋಗುವುದರಿಂದ ಹಸ್ತಪ್ರತಿಯನ್ನು ತಂದೆತಾಯಂದಿರ ಕಣ್ಣಿನಿಂದ, ಚಂದಾದಾರರ ಕಣ್ಣಿನಿಂದ, ಹೊರದೇಶದ ಮಾರುಕಟ್ಟೆಯ ಕಣ್ಣಿನಿಂದ ಓದಿ ತಿದ್ದುವುದು ವಾಡಿಕೆಯಾಗಿತ್ತು. ನೆಮೊನ ಜನ್ಮಭೂಮಿಗೆ ಮೊದಲ ಪೆಟ್ಟು ಬಿದ್ದದ್ದು ಇಲ್ಲಿಯೇ.

ಜಲಾಂತರ್ಗಾಮಿಯ ಕಾದಂಬರಿ ಬರೆಯುವಾಗ ವರ್ನ್‌ನ ಮನಸ್ಸಿನಲ್ಲಿದ್ದ ನೆಮೊ ಪೋಲೆಂಡಿನ ಕುಲೀನ. 1863ರಲ್ಲಿ ರಷ್ಯಾದ ಆಳ್ವಿಕೆಯ ವಿರುದ್ಧ ಎದ್ದ ದಂಗೆಯನ್ನು ತುಳಿದುಹಾಕಿದಾಗ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಆದ್ದರಿಂದಲೇ ಹಡಗು ಮುಳುಗಿಸುವ ಅವನ ಸಿಟ್ಟಿಗೆ ಅರ್ಥವಿತ್ತು. ಆದರೆ ರಷ್ಯಾ ಫ್ರಾನ್ಸಿಗೆ ಬೇಕಾದ ದೇಶ, ಫ್ರೆಂಚ್ ಪುಸ್ತಕಗಳು ಚೆನ್ನಾಗಿ ಖರ್ಚಾಗುವ ದೇಶ ಕೂಡ. ನೆಮೊ ಗುಲಾಮರ ವ್ಯಾಪಾರಿಗಳ ವೈರಿಯಾಗಲಿ ಎಂಬ ಸಲಹೆ ಬಂತು. ವರ್ನ್ ಒಪ್ಪಲಿಲ್ಲ. ಕೊನೆಗೆ ಇಬ್ಬರೂ ಒಪ್ಪಿದ್ದು ಏನನ್ನೂ ಹೇಳದಿರುವುದಕ್ಕೆ. 1869ರ ಮಾರ್ಚ್‌ನಿಂದ 1870ರ ಜೂನ್‌ವರೆಗೆ ಬಂದ ಕಂತುಗಳಲ್ಲಿ ನೆಮೊಗೆ ದೇಶವಿಲ್ಲ. ಲ್ಯಾಟಿನ್ನಿನಲ್ಲಿ ಆ ಹೆಸರಿನ ಅರ್ಥವೇ ‘ಯಾರೂ ಅಲ್ಲ’. ಇದರಿಂದ ಪಾತ್ರಕ್ಕೆ ನಿಗೂಢತೆಯ ಕಳೆ ಬಂತೆಂದು ವಿಮರ್ಶಕರು ಹೊಗಳುವುದುಂಟು. ಕಳೆ ಬಂದದ್ದು ನಿಜ, ಆದರೆ ಅದಕ್ಕೆ ಮೂಲ ಒಂದು ವ್ಯಾಪಾರದ ಲೆಕ್ಕ.

ಒಂದು ಸುಳಿವು ಮಾತ್ರ ಉಳಿದುಕೊಂಡಿತು. ಸಿಂಹಳದ ಬಳಿ ಮುತ್ತು ತೆಗೆಯಲು ಮುಳುಗಿದ ಬಡವನನ್ನು ನೆಮೊ ಶಾರ್ಕಿನ ಬಾಯಿಂದ ಬಿಡಿಸುತ್ತಾನೆ. ಆ ಭಾರತೀಯ ತುಳಿತಕ್ಕೊಳಗಾದವರ ನಾಡಿನವನು, ಕೊನೆಯುಸಿರಿನವರೆಗೂ ತಾನೂ ಆ ನಾಡಿನವನೇ ಎನ್ನುತ್ತಾನೆ. ಇದು ಬಿಡಿಸಿ ಹೇಳಿದ ಮಾತಲ್ಲ, ಆದರೂ ಐದು ವರ್ಷದ ನಂತರ ಬಂದ ‘ನಿಗೂಢ ದ್ವೀಪ’ಕ್ಕೆ ಬಾಗಿಲು ತೆರೆದಿಟ್ಟ ಮಾತು.

1874-75ರಲ್ಲಿ ಬಂದ ಆ ಕಾದಂಬರಿಯ ಮೂರನೆಯ ಭಾಗ, 16ನೆಯ ಅಧ್ಯಾಯದಲ್ಲಿ ನೆಮೊ ಬಾಯಿಬಿಡುತ್ತಾನೆ. ಅವನ ನಿಜವಾದ ಹೆಸರು ರಾಜಕುಮಾರ ಡಕ್ಕರ್. ಆಗ ಸ್ವತಂತ್ರವಾಗಿದ್ದ ಬುಂದೇಲ್‌ಖಂಡದ ರಾಜನ ಮಗ, ಭಾರತದ ವೀರ ಟಿಪ್ಪು ಸಾಹೇಬನ ಸಂಬಂಧಿ. ಹತ್ತನೆಯ ವಯಸ್ಸಿನಲ್ಲಿ ತಂದೆ ಅವನನ್ನು ಯೂರೋಪಿಗೆ ಓದಲು ಕಳಿಸುತ್ತಾನೆ. ಉದ್ದೇಶ ಗುಟ್ಟಾಗಿತ್ತು: ತನ್ನ ನಾಡನ್ನು ತುಳಿಯುತ್ತಿರುವವರೊಂದಿಗೆ ಮಗ ಒಂದು ದಿನ ಸರಿಸಮನಾಗಿ ಹೋರಾಡಲಿ. ಮೂವತ್ತರವರೆಗೆ ಓದಿ, 1849ರಲ್ಲಿ ಊರಿಗೆ ಮರಳಿ, ಮದುವೆಯಾಗಿ, ಎರಡು ಮಕ್ಕಳ ತಂದೆಯಾಗಿ, 1857ರ ದಂಗೆಗೆ ಧುಮುಕುತ್ತಾನೆ. ಇಪ್ಪತ್ತು ಕಾಳಗ, ಹತ್ತು ಗಾಯ. ಮನೆಯವರೆಲ್ಲ ಸತ್ತ ಮೇಲೆ ಇಪ್ಪತ್ತು ಜನರನ್ನು ಕಟ್ಟಿಕೊಂಡು ಶಾಂತಸಾಗರದ ಬರಿದಾದ ದ್ವೀಪವೊಂದಕ್ಕೆ ಹೋಗಿ ನಾಟಿಲಸ್ ಎಂಬ ಜಲಾಂತರ್ಗಾಮಿ ಕಟ್ಟುತ್ತಾನೆ.

ಟಿಪ್ಪುವೇ ಏಕೆ? ಫ್ರೆಂಚ್ ಓದುಗನಿಗೆ ಆ ಹೆಸರಿನ ಪರಿಚಯ ಮಾಡಿಕೊಡಬೇಕಿರಲಿಲ್ಲ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಬಂದುಹೋಗಿದ್ದರು. 1813ರಲ್ಲಿ ಪ್ಯಾರಿಸ್ಸಿನ ರಂಗದ ಮೇಲೆ ಅವನ ಹೆಸರಿನದೇ ದುರಂತ ನಾಟಕ ಬಂದಿತ್ತು. ಇಂಗ್ಲಿಷರನ್ನು ಎದುರಿಸಿದ ಭಾರತೀಯ ಎಂದರೆ ಅವರಿಗೆ ನೆನಪಾಗುತ್ತಿದ್ದದ್ದು ‘ಟಿಪ್ಪೊ ಸಾಯಿಬ್’. (ಅವನ ಬಗ್ಗೆ ನಮ್ಮಲ್ಲಿ ನಡೆಯುವ ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ, ವರ್ನ್‌ಗೆ ಬೇಕಿದ್ದದ್ದು ಪರಿಚಯವಿದ್ದ ಒಂದು ಹೆಸರು ಮಾತ್ರ.) ವರ್ನ್ ಭಾರತಕ್ಕೆ ಕಾಲಿಟ್ಟವನೂ ಅಲ್ಲ, ವಸಾಹತುಶಾಹಿಯ ವಿರುದ್ಧ ಸದಾ ನಿಂತವನೂ ಅಲ್ಲ. 1880ರಲ್ಲಿ ಉಗಿಯಿಂದ ನಡೆಯುವ ಉಕ್ಕಿನ ಆನೆಯ ಕಾದಂಬರಿ ಬರೆದಾಗ ಕಥೆಯ ಒಲವು ಇಂಗ್ಲಿಷ್ ಕರ್ನಲ್ ಕಡೆಗಿತ್ತು, ನಾನಾ ಸಾಹೇಬ ವೈರಿಯ ಜಾಗದಲ್ಲಿದ್ದ.

ಎರಡನೆಯ ಪೆಟ್ಟು ಬಿದ್ದದ್ದು ಲಂಡನ್ನಿನಲ್ಲಿ. ಅಲ್ಲಿ ವರ್ನ್ ಎಂದರೆ ಹುಡುಗರ ಸಾಹಸಕಥೆ. ಅನುವಾದ ಬೇಗ ಆಗಬೇಕು, ಪುಟ ಕಡಿಮೆಯಿರಬೇಕು, ಮನೆಯ ಹಿರಿಯರಿಗೆ ಇರುಸುಮುರುಸಾಗಬಾರದು. ‘ನಿಗೂಢ ದ್ವೀಪ’ದ 1875ರ ಇಂಗ್ಲಿಷ್ ಪುಸ್ತಕದ ಮೇಲಿದ್ದದ್ದು ಡಬ್ಲ್ಯು. ಎಚ್. ಜಿ. ಕಿಂಗ್‌ಸ್ಟನ್ ಹೆಸರು, ಅನುವಾದಿಸಿದ್ದು ಅವರ ಪತ್ನಿ ಆಗ್ನೆಸ್. ಆ 16ನೆಯ ಅಧ್ಯಾಯವನ್ನು ಮೂಲದ ಪಕ್ಕದಲ್ಲಿಟ್ಟು ಓದಿದರೆ ಏನಾಯಿತೆಂದು ಗೊತ್ತಾಗುತ್ತದೆ. ಬುಂದೇಲ್‌ಖಂಡದ ರಾಜನ ಮಗ ಎಂಬುದು ಉಳಿದಿದೆ, ಟಿಪ್ಪುವಿನ ಹೆಸರು ಹೋಗಿದೆ. ತಂದೆ ಮಗನನ್ನು ಓದಲು ಕಳಿಸುವುದು ಈಗ ಹೋರಾಟಕ್ಕಲ್ಲ, ಬಹುಕಾಲದಿಂದ ಅಧೋಗತಿಯಲ್ಲಿರುವ ತನ್ನ ನಾಡನ್ನು ಯೂರೋಪಿನ ಮಟ್ಟಕ್ಕೆ ಏರಿಸಲಿ ಎಂದು. 1857ರ ಭಾಗಕ್ಕೆ ಮೂಲದಲ್ಲಿಲ್ಲದ ಹೊಸ ಸಾಲುಗಳೇ ಸೇರಿವೆ: ಇಂಗ್ಲಿಷರು ಅರಾಜಕತೆಯಿಂದ ಎತ್ತಿ ಶಾಂತಿ, ಸಮೃದ್ಧಿ ಕೊಟ್ಟಿದ್ದರು, ಅಜ್ಞಾನಿಗಳಾದ ಜನ ಕುತಂತ್ರಿ ನಾಯಕರ ಕೈಗೊಂಬೆಯಾದರು. ನ್ಯಾಯವು ಬಲದೆದುರು ಮತ್ತೊಮ್ಮೆ ಮಣಿಯಿತು ಎಂದು ವರ್ನ್ ಬರೆದ ವಾಕ್ಯ ಬಿದ್ದುಹೋಗಿದೆ. ಅದರ ಬೆನ್ನಿಗೇ ಬರುವ ‘ನಾಗರಿಕತೆ ಎಂದೂ ಹಿಂದಡಿಯಿಡದು’ ಎಂಬ ವಾಕ್ಯ ಮಾತ್ರ ನಿಂತಿದೆ. ಜೋಡಿಯಾಗಿದ್ದ ಎರಡರಲ್ಲಿ ಒಂದನ್ನು ತೆಗೆದರೆ ಉಳಿದದ್ದರ ಅರ್ಥ ತಿರುವುಮುರುವಾಗುತ್ತದೆ. ಪದ ಗೊತ್ತಿಲ್ಲದೆ ಆಗುವ ತಪ್ಪು ಇದಲ್ಲ.

ಪದ ಗೊತ್ತಿಲ್ಲದ, ಅಥವಾ ಅವಸರದ ತಪ್ಪುಗಳು ಇನ್ನೊಂದು ಪುಸ್ತಕದಲ್ಲಿ ಹೇರಳವಾಗಿವೆ. ಜಲಾಂತರ್ಗಾಮಿ ಕಾದಂಬರಿಯನ್ನು ಇಂಗ್ಲಿಷಿಗೆ ತಂದ ಪಾದ್ರಿ ಲೂಯಿಸ್ ಮರ್ಸಿಯೆ ಅವರ ಅನುವಾದ 1873ರ ದಿನಾಂಕದೊಂದಿಗೆ ಬಂತು. ಮೂಲದ ಐದನೇ ಒಂದು ಪಾಲಿಗಿಂತ ಹೆಚ್ಚು ಭಾಗ ಅದರಲ್ಲಿ ಬಿಟ್ಟುಹೋಗಿದೆ. ಕತ್ತರಿಸಿದ್ದರಲ್ಲಿ ಮೀನು, ಸಸ್ಯ, ಯಂತ್ರಗಳ ವಿವರಗಳೇ ಹೆಚ್ಚು, ಅಂದರೆ ವರ್ನ್ ಕಷ್ಟಪಟ್ಟು ಕೂಡಿಸಿದ ಭಾಗಗಳು. ನೆಬ್ರಾಸ್ಕಾದ ಬ್ಯಾಡ್‌ಲ್ಯಾಂಡ್ಸ್ ಎಂಬ ಸ್ಥಳನಾಮ ಅಲ್ಲಿ ‘ಅಹಿತಕರವಾದ ನೆಬ್ರಾಸ್ಕಾ ಪ್ರಾಂತ್ಯ’ ಆಯಿತು. ಉಕ್ಕಿನ ಸಾಂದ್ರತೆ ನೀರಿನ 7.8 ಪಟ್ಟು. ವರ್ನ್ ಅದನ್ನು ‘ಏಳು, ಹತ್ತರಲ್ಲಿ ಎಂಟು’ ಎಂಬ ಧಾಟಿಯಲ್ಲಿ ಬರೆದಿದ್ದ. ನಡುವಿನ ಅಲ್ಪವಿರಾಮವನ್ನು ಸರಿಯಾಗಿ ಓದದೆ 0.7ರಿಂದ 0.8 ಎಂದು ಅನುವಾದಿಸಲಾಯಿತು. ಆ ಲೆಕ್ಕದಲ್ಲಿ ನಾಟಿಲಸ್‌ನ ಉಕ್ಕು ಮರದ ಹಲಗೆಯಂತೆ ತೇಲಬೇಕು. ವರ್ನ್‌ಗೆ ವಿಜ್ಞಾನ ಬಾರದು ಎಂಬ ಮಾತು ಇಂಗ್ಲಿಷ್ ಓದುಗರಲ್ಲಿ ಬೆಳೆಯಲು ಇಂಥವು ಸಾಕಾದವು.

ಹಾಗೆಂದು ಮೂಲ ಪೂರ್ತಿ ಶುದ್ಧವೂ ಅಲ್ಲ. ಮೊದಲ ಭಾಗದ 13ನೆಯ ಅಧ್ಯಾಯದಲ್ಲಿ ನೆಮೊ ಹಡಗಿನ ಅಂಕಿಗಳನ್ನು ಕೊಡುತ್ತಾನೆ: ಉದ್ದ 70 ಮೀಟರ್, ನಡುವಿನ ಅಗಲ 8 ಮೀಟರ್, ಘನಗಾತ್ರ 1,500.2 ಘನ ಮೀಟರ್, ತೂಕ 1,356.48 ಟನ್. ತೇಲುವಾಗ ಹತ್ತರಲ್ಲಿ ಒಂಬತ್ತು ಪಾಲು ನೀರೊಳಗಿರಬೇಕು. ಉಳಿದ ಒಂದು ಪಾಲಿನಷ್ಟು, ಅಂದರೆ 150.72 ಟನ್ ನೀರನ್ನು ತೊಟ್ಟಿಗಳಿಗೆ ತುಂಬಿದರೆ ಹಡಗು ಮುಳುಗುತ್ತದೆ. ಕೂಡಿಸಿ ನೋಡಿ: 1,356.48ಕ್ಕೆ 150.72 ಸೇರಿದರೆ 1,507.2. ಘನಗಾತ್ರ ಇರಬೇಕಾದದ್ದು ಅಷ್ಟು. ಪ್ರತಿ ಮಾಡುವಾಗಲೋ ಅಚ್ಚಿನ ಮೊಳೆ ಜೋಡಿಸುವಾಗಲೋ ಒಂದು 7 ಸೊನ್ನೆಯಾಗಿದೆ. ಉಳಿದೆರಡು ಅಂಕಿ ಸರಿಯಿರುವುದರಿಂದ ಲೆಕ್ಕ ಮಾಡಿದವನಿಗೆ ಲೆಕ್ಕ ಬರುತ್ತಿತ್ತು ಎನ್ನಬಹುದು. ಶೀರ್ಷಿಕೆಯ 20,000 ಲೀಗ್ ಆಳವಲ್ಲ, ನೀರಡಿಯಲ್ಲಿ ಸಾಗಿದ ದೂರ. ಲೀಗ್‌ಗೆ 4 ಕಿಲೋಮೀಟರಿನಂತೆ 80,000 ಕಿಲೋಮೀಟರ್, ಭೂಮಿಗೆ ಎರಡು ಸುತ್ತು. ಆಳವೆಂದು ತಿಳಿದರೆ ಭೂಮಿಯ ವ್ಯಾಸದ ಆರು ಪಟ್ಟು ಕೆಳಗೆ ಇಳಿಯಬೇಕಾಗುತ್ತದೆ.

ಸುಮಾರು ತೊಂಬತ್ತು ವರ್ಷ ಇದೇ ಅನುವಾದಗಳು ಮರುಮುದ್ರಣಗೊಂಡವು. 1960ರ ದಶಕದಲ್ಲಿ ಆಂಟನಿ ಬಾನರ್, ವಾಲ್ಟರ್ ಜೇಮ್ಸ್ ಮಿಲ್ಲರ್ ಮೊದಲಾದವರು ಮೂಲಕ್ಕೆ ಮರಳಿದರು. ಎಷ್ಟು ಬಿಟ್ಟುಹೋಗಿದೆ ಎಂದು 1965ರಲ್ಲಿ ಮಿಲ್ಲರ್ ಲೆಕ್ಕವಿಟ್ಟು ತೋರಿಸಿದ ಮೇಲೆ ವಿಷಯ ವಿದ್ವಾಂಸರ ಗಮನಕ್ಕೆ ಬಂತು. ಜಲಾಂತರ್ಗಾಮಿ ಕಾದಂಬರಿಗೆ 1998ರಲ್ಲಿ ವಿಲಿಯಂ ಬುಚರ್ ಅವರ ಅನುವಾದ ಬಂತು. ‘ನಿಗೂಢ ದ್ವೀಪ’ಕ್ಕೆ 2001ರಲ್ಲಿ ಜೋರ್ಡನ್ ಸ್ಟಂಪ್, ಸಿಡ್ನಿ ಕ್ರಾವಿಟ್ಜ್ ಇಬ್ಬರದೂ ಬಂದವು. ವರ್ನ್ ಸತ್ತ ಮೇಲೆ ಮಗ ಮಿಷೆಲ್ ತಿದ್ದಿ ಪ್ರಕಟಿಸಿದ ಕಾದಂಬರಿಗಳದ್ದು ಇನ್ನೊಂದು ದೊಡ್ಡ ಗೋಜಲು. ಅವುಗಳ ಮೂಲರೂಪ 1980ರ ದಶಕದಲ್ಲಷ್ಟೇ ಅಚ್ಚಾದವು. 1863ರಲ್ಲಿ ಹೆಟ್ಜೆಲ್ ಬೇಡವೆಂದ ‘ಇಪ್ಪತ್ತನೆಯ ಶತಮಾನದ ಪ್ಯಾರಿಸ್’ ಹೊರಬಂದದ್ದು 1994ರಲ್ಲಿ.

ಹಳೆಯವು ಹೋಗಲಿಲ್ಲ. ಹಕ್ಕುಸ್ವಾಮ್ಯ ಮುಗಿದ ಪಠ್ಯಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ, ಹಾಗಾಗಿ ಅಗ್ಗದ ಮರುಮುದ್ರಣಗಳಲ್ಲಿ ಅವೇ ಇರುತ್ತವೆ, ಎಷ್ಟೋ ಸಲ ಅನುವಾದಕರ ಹೆಸರೂ ಇರುವುದಿಲ್ಲ. ಕೈಯಲ್ಲಿರುವ ಪ್ರತಿ ಯಾವುದೆಂದು ತಿಳಿಯಲು ಎರಡು ನಿಮಿಷ ಸಾಕು. ‘ನಿಗೂಢ ದ್ವೀಪ’ದ ಎಂಜಿನಿಯರನ ಹೆಸರು ನೋಡಿ: ವರ್ನ್ ಇಟ್ಟದ್ದು ಸೈರಸ್ ಸ್ಮಿತ್, ಅದು ಸೈರಸ್ ಹಾರ್ಡಿಂಗ್ ಆಗಿದ್ದರೆ ಕಿಂಗ್‌ಸ್ಟನ್ ಪಠ್ಯ. ಜಲಾಂತರ್ಗಾಮಿ ಕಾದಂಬರಿಯಾದರೆ ಎರಡನೆಯ ಅಧ್ಯಾಯದ ಆರಂಭದಲ್ಲೇ ನೆಬ್ರಾಸ್ಕಾ ಬರುತ್ತದೆ. ಅದರ ಹಿಂದೆ ‘ಅಹಿತಕರ’ ಎಂಬ ಅರ್ಥದ ವಿಶೇಷಣವಿದ್ದರೆ ಮರ್ಸಿಯೆ. ಅನುವಾದಕರ ಹೆಸರು ಸಿಕ್ಕರೂ ಈ ಎರಡು ಗುರುತು ನೋಡಿಕೊಳ್ಳುವುದು ಒಳ್ಳೆಯದು, ಹಳೆಯದನ್ನೇ ಅಲ್ಪಸ್ವಲ್ಪ ತೇಪೆ ಹಾಕಿ ಹೊಸ ರಟ್ಟಿನಲ್ಲಿ ತರುವುದೂ ಉಂಟು.

ಕನ್ನಡಕ್ಕೆ ನೇರ ಫ್ರೆಂಚಿನಿಂದ ತರಬೇಕೆನ್ನುವವರಿಗೆ ಇನ್ನೊಂದು ತೊಡಕು ಕಾದಿದೆ. ಟಿಪ್ಪುವಿಗೆ ಡಕ್ಕರ್ ಏನಾಗಬೇಕು ಎನ್ನಲು ವರ್ನ್ ಬಳಸಿದ್ದು ‘ನವ್ಯೂ’ ಎಂಬ ಪದ. ಅದು ಅಣ್ಣತಮ್ಮಂದಿರ ಮಗನಿಗೂ ಹೊಂದುತ್ತದೆ, ಅಕ್ಕತಂಗಿಯರ ಮಗನಿಗೂ ಹೊಂದುತ್ತದೆ. ಕನ್ನಡ ಹಾಗೆ ತೇಲಿಸಲು ಬಿಡುವುದಿಲ್ಲ. ತಂದೆ ಬುಂದೇಲ್‌ಖಂಡದ ರಾಜನಾದ್ದರಿಂದ ತಾಯಿಯ ಕಡೆಯ ನಂಟೆಂದು ಹಿಡಿದು ‘ಸೋದರಳಿಯ’ ಎನ್ನಬೇಕು. ಅಂದರೆ ತಾಯಿ ಹೈದರಾಲಿಯ ಮಗಳು. ಹೈದರ್ ತೀರಿಕೊಂಡದ್ದು 1782ರ ಡಿಸೆಂಬರಿನಲ್ಲಿ, ಕೊನೆಯ ಮಗಳು ಹುಟ್ಟಿದ್ದರೂ 1783ರೊಳಗೆ. ಡಕ್ಕರ್‌ಗೆ 1849ರಲ್ಲಿ ಮೂವತ್ತಾದರೆ ಹುಟ್ಟಿದ್ದು 1819ರಲ್ಲಿ, ತಾಯಿಗೆ ಆಗ ಕಡಿಮೆಯೆಂದರೂ 36. ಇತಿಹಾಸದಲ್ಲಿ ಇಂಥ ಮದುವೆಯ ದಾಖಲೆಯಿಲ್ಲ, ಲೆಕ್ಕ ಮಾತ್ರ ಹೇಗೋ ಕೂಡುತ್ತದೆ. ಆದರೆ ಅದೇ ಅಧ್ಯಾಯದಲ್ಲಿ, ಜೊತೆಗಾರರೆಲ್ಲ ಸತ್ತು ನೆಮೊ ಒಂಟಿಯಾಗಿ ದ್ವೀಪದ ಗವಿ ಸೇರುವಾಗ ಅವನಿಗೆ ಅರವತ್ತು ಎಂದಿದೆ. ಅವನು ಸಾಯುವುದು 1868ರ ಅಕ್ಟೋಬರಿನಲ್ಲಿ, ಮೊದಲಿನ ಲೆಕ್ಕದಂತೆ ಆಗ 49. ಜಲಾಂತರ್ಗಾಮಿ ಕಾದಂಬರಿಯ ಘಟನೆಗಳು ನಡೆದದ್ದು 1866ರಿಂದ 1868ರೊಳಗೆ. 1865ರ ಮಾರ್ಚಿನಲ್ಲೇ ಬಲೂನು ಹತ್ತಿ ಲೋಕದ ಸಂಪರ್ಕ ಕಳೆದುಕೊಂಡ ಸೈರಸ್ ಸ್ಮಿತ್ ಆ ಪುಸ್ತಕವನ್ನು ಆಗಲೇ ಓದಿರುತ್ತಾನೆ. ಇಸವಿಗಳು ಹೊಂದುವುದಿಲ್ಲವೆಂದು ಹೆಟ್ಜೆಲ್‌ನ ಮೊದಲ ಮುದ್ರಣದಲ್ಲೇ ಅಡಿಟಿಪ್ಪಣಿ ಹಾಕಿ ಕೈತೊಳೆದುಕೊಂಡಿದ್ದಾರೆ.