ಹೊಗೆ ಮೇಲಕ್ಕೆ, ಗ್ಯಾಸ್ ಕೆಳಕ್ಕೆ: ಕ್ಯಾರವಾನಿನ ಅಲಾರಂ ಕಥೆ

ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆ ಕ್ಯಾರವಾನ್. ತಾನೇ ಓಡುವ ಮನೆ ಕ್ಯಾಂಪರ್‌ವ್ಯಾನ್. ಒಳಗೆ ಕಾಲಿಟ್ಟರೆ ಎರಡೂ ಹೆಚ್ಚು ಕಡಿಮೆ ಒಂದೇ. ಹಾಸಿಗೆಯಿಂದ ನಾಲ್ಕು ಹೆಜ್ಜೆಗೆ ಒಲೆ. ಒಲೆಯ ಪಕ್ಕ ಫ್ರಿಜ್. ಒಂದು ಡಬ್ಬದೊಳಗೆ ಗ್ಯಾಸ್ ಸಿಲಿಂಡರ್, ಸೀಟಿನ ಅಡಿಯಲ್ಲಿ ಬ್ಯಾಟರಿ. ಮನೆಯಲ್ಲಿ ಬೇರೆ ಬೇರೆ ಕೋಣೆಗಳಿಗೆ ಹಂಚಿಹೋಗುವ ಬೆಂಕಿ, ಗ್ಯಾಸ್, ಕರೆಂಟ್ ಎಲ್ಲವೂ ಇಲ್ಲಿ ಒಂದೇ ಕೋಣೆಯಲ್ಲಿವೆ. ಅದೇ ಕೋಣೆಯಲ್ಲಿ ನಾವು ಕಣ್ಣು ಮುಚ್ಚಿ ಮಲಗುತ್ತೇವೆ.

ಇಂಥ ಗಾಡಿಯಲ್ಲಿ ಸ್ಮೋಕ್ ಅಲಾರಂ ಇರಬೇಕು, ಅದು ಇಂಥದ್ದೇ ಆಗಿರಬೇಕು ಎಂದು ಹಲವು ಕಡೆ ನಿಯಮಗಳಿವೆ. ಓದುವಾಗ ಅವು ಒಣ ಸಾಲುಗಳು. ಆದರೆ ಒಂದೊಂದು ಸಾಲಿನ ಹಿಂದೆಯೂ ಗಾಳಿ, ಹೊಗೆ, ಗ್ಯಾಸ್ ಹೇಗೆ ನಡೆದುಕೊಳ್ಳುತ್ತವೆ ಎಂಬ ತಿಳಿವಳಿಕೆ ಇದೆ. ಅದು ಗೊತ್ತಾದರೆ ನಿಯಮವನ್ನು ಯಾರೂ ಹೇರಬೇಕಾಗಿಲ್ಲ. ಅಲಾರಂ ಎಲ್ಲಿ ಇಡಬೇಕು, ಯಾವುದನ್ನು ಇಡಬೇಕು ಎಂಬುದು ನಮಗೇ ಹೊಳೆಯುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. 5 ಮೀಟರ್ ಉದ್ದ, 2.2 ಮೀಟರ್ ಅಗಲ, 2 ಮೀಟರ್ ಎತ್ತರದ ಕ್ಯಾರವಾನ್ ಒಂದನ್ನು ಊಹಿಸಿಕೊಳ್ಳಿ. ಅದರೊಳಗೆ ಹಿಡಿಯುವ ಗಾಳಿ 22 ಘನ ಮೀಟರ್. 100 ಚದರ ಮೀಟರ್ ನೆಲ, 2.5 ಮೀಟರ್ ಎತ್ತರದ ಮನೆಯಲ್ಲಿ 250 ಘನ ಮೀಟರ್ ಗಾಳಿ ಇರುತ್ತದೆ. ಅಂದರೆ ಹನ್ನೊಂದು ಪಟ್ಟು ಜಾಸ್ತಿ. ಮನೆಯಲ್ಲಿ ಒಂದು ಕುಶನ್ ಹೊತ್ತಿಕೊಂಡರೆ ಅದರ ಹೊಗೆ ಹರಡಿ ತೆಳುವಾಗಲು ಜಾಗವಿದೆ, ಮಧ್ಯೆ ಬಾಗಿಲುಗಳಿವೆ. ಕ್ಯಾರವಾನಿನಲ್ಲಿ ಅದೇ ಕುಶನ್ನಿನ ಹೊಗೆಗೆ ಹೋಗಲು ಜಾಗವೇ ಇಲ್ಲ. ಚಾವಣಿಯ ಕೆಳಗೆ ದಟ್ಟವಾಗಿ ಕೂಡಿ, ಬೇಗ ಬೇಗ ಕೆಳಗಿಳಿಯುತ್ತದೆ. ಕುಶನ್ ಮತ್ತು ಹಾಸಿಗೆಯಲ್ಲಿರುವ ಪಾಲಿಯುರೆಥೇನ್ ಫೋಮ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಹೊರಬರುತ್ತದೆ. ಬೆಂಕಿ ಮೈಗೆ ತಾಗುವ ಮೊದಲೇ ಉಸಿರು ಕಟ್ಟಿಸುವುದು ಇವು.

ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಬಿಡಿ, ಇಷ್ಟು ಚಿಕ್ಕ ಜಾಗ ಅಲ್ವಾ ಎಂದು ಅನೇಕರು ನಂಬಿದ್ದಾರೆ. ಈ ನಂಬಿಕೆ ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ನಿದ್ದೆಯಲ್ಲಿ ಮೂಗನ್ನು ನೆಚ್ಚಿಕೊಳ್ಳುವಂತಿಲ್ಲ. ಗಾಢ ನಿದ್ದೆಯಲ್ಲಿರುವವರ ಮೂಗಿನ ಬಳಿ ಘಾಟು ವಾಸನೆ ಹಿಡಿದರೂ ಅವರು ಏಳುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ಕಿವಿ ಮಾತ್ರ ಸ್ವಲ್ಪ ಎಚ್ಚರವಾಗಿರುತ್ತದೆ. ಹಾಗಾಗಿ ನಮ್ಮ ಬದಲು ಯಾರೋ ಹೊಗೆಯನ್ನು ಮೂಸಿ, ಕಿವಿಯಲ್ಲಿ ಕೂಗಬೇಕು. ಸ್ಮೋಕ್ ಅಲಾರಂ ಮಾಡುವ ಕೆಲಸ ಇಷ್ಟೇ.

ಅದು ಹೊಗೆಯನ್ನು ಹೇಗೆ ಗುರುತಿಸುತ್ತದೆ? ಎರಡು ದಾರಿಗಳಿವೆ.

ಒಂದರ ಕಥೆ ಶುರುವಾಗುವುದು 1930ರ ದಶಕದ ಸ್ವಿಟ್ಜರ್ಲೆಂಡಿನಲ್ಲಿ. ವಾಲ್ಟರ್ ಯೇಗರ್ ಎಂಬ ಭೌತವಿಜ್ಞಾನಿ ವಿಷಾನಿಲ ಪತ್ತೆ ಮಾಡುವ ಉಪಕರಣ ಮಾಡಲು ಹೊರಟಿದ್ದರು. ಅದು ಕೆಲಸ ಮಾಡಲಿಲ್ಲ. ಬೇಸರದಿಂದ ಸಿಗರೇಟು ಹಚ್ಚಿದರು, ಮೀಟರಿನ ಮುಳ್ಳು ಅಲುಗಾಡಿತು ಎಂದು ಹೇಳುತ್ತಾರೆ. ವಿಷಾನಿಲಕ್ಕೆ ಜಗ್ಗದ ಯಂತ್ರ ಹೊಗೆಗೆ ಜಗ್ಗಿತ್ತು. ಇಂದಿನ ಅಯೋನೈಸೇಶನ್ ಅಲಾರಂ ಇದೇ ತತ್ವದ್ದು. ಒಳಗೆ ಅಮೆರಿಸಿಯಂ-241 ಎಂಬ ವಿಕಿರಣ ಧಾತು ಇರುತ್ತದೆ. ತೂಕ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದರಿಂದ ಹೊಮ್ಮುವ ಆಲ್ಫಾ ಕಣಗಳು ಗಾಳಿಯ ಅಣುಗಳಿಗೆ ಬಡಿದು ಅವುಗಳನ್ನು ಅಯಾನುಗಳಾಗಿ ಮಾಡುತ್ತವೆ. ಎರಡು ತಗಡುಗಳ ನಡುವೆ ಸಣ್ಣ ಕರೆಂಟ್ ಹರಿಯುತ್ತಿರುತ್ತದೆ. ಹೊಗೆಯ ಕಣ ಒಳಗೆ ಬಂದರೆ ಅಯಾನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಕರೆಂಟ್ ಕುಸಿಯುತ್ತದೆ. ಅಲಾರಂ ಕೂಗುತ್ತದೆ.

ಇನ್ನೊಂದು ಫೋಟೋಎಲೆಕ್ಟ್ರಿಕ್ ಅಲಾರಂ. ಕಿಟಕಿಯಿಂದ ಬಿಸಿಲಿನ ಕೋಲು ಕತ್ತಲ ಕೋಣೆಗೆ ಬಿದ್ದಾಗ ಅದರಲ್ಲಿ ಧೂಳು ಮಿನುಗುವುದನ್ನು ನೋಡಿದ್ದೀರಲ್ಲ, ಅದೇ ಇಲ್ಲಿಯ ವಿಜ್ಞಾನ. ಕಪ್ಪು ಬಣ್ಣದ ಪುಟ್ಟ ಗೂಡಿನೊಳಗೆ ಒಂದು ಎಲ್‌ಇಡಿ ಬೆಳಕು ಚೆಲ್ಲುತ್ತದೆ. ಬೆಳಕನ್ನು ಗ್ರಹಿಸುವ ಸೆನ್ಸರ್ ನೇರ ಎದುರಿಗಿರದೆ ಒಂದು ಕೋನದಲ್ಲಿ ಕೂತಿರುತ್ತದೆ. ಗಾಳಿ ಶುದ್ಧವಾಗಿದ್ದಾಗ ಅದಕ್ಕೆ ಏನೂ ಕಾಣುವುದಿಲ್ಲ. ಹೊಗೆ ಬಂದಾಗ ಬೆಳಕು ಚದುರಿ ಅದರ ಕಣ್ಣಿಗೆ ಬೀಳುತ್ತದೆ.

ಮೇಲ್ನೋಟಕ್ಕೆ ಎರಡೂ ಒಂದೇ ಕೆಲಸ ಮಾಡುತ್ತವೆ. ಆದರೆ ಹೊಗೆಯಲ್ಲೂ ಬಗೆಗಳಿವೆ. ಧಗಧಗ ಉರಿಯುವ ಬೆಂಕಿಯ ಕಣಗಳು ತೀರಾ ಸಣ್ಣವು, ಸಂಖ್ಯೆಯಲ್ಲಿ ಬಹಳ. ಅಯೋನೈಸೇಶನ್ ಅಲಾರಂ ಇವನ್ನು ಬೇಗ ಹಿಡಿಯುತ್ತದೆ. ಒಳಗೊಳಗೇ ಕನಲುವ ಬೆಂಕಿಯ ಕಣಗಳು ದಪ್ಪ. ಅವು ಬೆಳಕನ್ನು ಚೆನ್ನಾಗಿ ಚದುರಿಸುತ್ತವೆ. ಅಲ್ಲಿ ಫೋಟೋಎಲೆಕ್ಟ್ರಿಕ್ ಮುಂದು. ಹಾಸಿಗೆಗೆ ಬಿದ್ದ ಸಿಗರೇಟು ಕಿಡಿ, ಹಲಗೆಯ ಹಿಂದೆ ಕಾದ ವೈರು, ಹೀಟರಿಗೆ ತಾಗಿದ ಹೊದಿಕೆ, ಇವೆಲ್ಲ ಹೊತ್ತುಗಟ್ಟಲೆ ಜ್ವಾಲೆಯಿಲ್ಲದೆ ಹೊಗೆಯಾಡಬಲ್ಲವು. ಮಲಗಿದವರಿಗೆ ಇದೇ ಹೆಚ್ಚು ಅಪಾಯ.

ಫೋಟೋಎಲೆಕ್ಟ್ರಿಕ್ ಪರವಾಗಿ ಇನ್ನೊಂದು ಮಾತಿದೆ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಅಡುಗೆಯ ತೆಳು ಹೊಗೆಗೆ ಅಯೋನೈಸೇಶನ್ ಅಲಾರಂ ಪದೇ ಪದೇ ಕೂಗುತ್ತದೆ. ಕ್ಯಾರವಾನಿನಲ್ಲಿ ಒಲೆ ಎಷ್ಟು ದೂರ ಇರಲು ಸಾಧ್ಯ? ಬಾಣಲೆ ಕಾದಾಗಲೆಲ್ಲ ಕಿವಿ ಹರಿಯುವಂತೆ ಕೂಗಿದರೆ ಮೂರನೇ ದಿನ ಯಾರಾದರೂ ಅದರ ಬ್ಯಾಟರಿ ಕಿತ್ತಿಡುತ್ತಾರೆ. ಆಮೇಲೆ ಅದನ್ನು ಹಾಕುವುದು ನೆನಪಾಗುವುದಿಲ್ಲ. ಹಾಗೆ ಕಿತ್ತವರನ್ನು ಬೈದು ಏನೂ ಆಗುವುದಿಲ್ಲ. ಸುಮ್ಮನೆ ಕೂಗದ ಅಲಾರಂ ಕೊಡುವುದೇ ಸರಿಯಾದ ಉಪಾಯ. ಅಮೆರಿಕದ ಯುಎಲ್ 217 ಮಾನದಂಡ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. ಅದರ ಎಂಟನೇ ಆವೃತ್ತಿಯಲ್ಲಿ ಫೋಮ್ ಉರಿಸಿ ನೋಡುವ ಪರೀಕ್ಷೆಗಳಿವೆ. ಜೊತೆಗೆ ಮಾಂಸದ ಬಿಲ್ಲೆ ಬೇಯಿಸುವಾಗಿನ ಹೊಗೆಗೆ ಅಲಾರಂ ಅವಸರಪಟ್ಟು ಕೂಗಬಾರದು ಎಂಬ ಪರೀಕ್ಷೆಯೂ ಇದೆ. ಫೋಟೋಎಲೆಕ್ಟ್ರಿಕ್‌ಗೂ ಒಂದು ದೌರ್ಬಲ್ಯವಿದೆ: ಬಿಸಿನೀರಿನ ಹಬೆ. ಸ್ನಾನದ ಬಾಗಿಲಿನ ಎದುರು ಅದನ್ನು ಹಾಕಬಾರದು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ ಈ ಪಾಠವನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 2011ರ ಆಗಸ್ಟಿನ ಒಂದು ರಾತ್ರಿ ಅಲ್ಲಿನ ಸ್ಲ್ಯಾಕ್ಸ್ ಕ್ರೀಕ್‌ನ ಮನೆಯೊಂದಕ್ಕೆ ಬೆಂಕಿ ಬಿದ್ದು 11 ಜನ ಸತ್ತರು. ಅವರಲ್ಲಿ 8 ಮಂದಿ ಮಕ್ಕಳು. ಆ ಸಾವುಗಳ ತನಿಖೆಯ ನಂತರ ರಾಜ್ಯ ತನ್ನ ಕಾನೂನು ಬದಲಿಸಿತು. 2017ರ ಜನವರಿ 1ರಿಂದ ಹಂತ ಹಂತವಾಗಿ ಮನೆಗಳಿಗೆ ಫೋಟೋಎಲೆಕ್ಟ್ರಿಕ್ ಅಲಾರಂ ಕಡ್ಡಾಯವಾಗುತ್ತಾ ಬಂತು. ಒಂದು ಕೂಗಿದರೆ ಮನೆಯ ಎಲ್ಲ ಅಲಾರಂಗಳೂ ಕೂಗುವಂತೆ ಅವು ಒಂದಕ್ಕೊಂದು ಜೋಡಿಯಾಗಿರಬೇಕು. 2024ರ ಜುಲೈಯಲ್ಲಿ ಫೋಟೋಎಲೆಕ್ಟ್ರಿಕ್ ನಿಯಮ ಕ್ಯಾರವಾನ್ ಮತ್ತು ಮೋಟಾರ್‌ಹೋಮ್‌ಗಳಿಗೂ ಬಂತು.

ಹಾಗಾದರೆ ಮನೆಯ ಅಲಾರಂ ಒಂದನ್ನು ತಂದು ಗಾಡಿಯ ಚಾವಣಿಗೆ ಅಂಟಿಸಿದರೆ ಆಯಿತಲ್ಲ? ಅಷ್ಟು ಸುಲಭವಿಲ್ಲ. ಮನೆ ಅಲುಗಾಡುವುದಿಲ್ಲ. ಕ್ಯಾರವಾನ್ ಮಣ್ಣುರಸ್ತೆಯಲ್ಲಿ ಗಂಟೆಗಟ್ಟಲೆ ಕುಲುಕುತ್ತದೆ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದರೆ ಚಾವಣಿಯ ಕೆಳಗೆ ಕೈ ಇಡಲಾಗದಷ್ಟು ಕಾಯುತ್ತದೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕೊರೆಯುವ ತಂಪಿನಲ್ಲಿ ನಿಂತಿರುತ್ತದೆ. ಬೆಸುಗೆ ಬಿಡುತ್ತದೆ, ಬ್ಯಾಟರಿ ಸೊರಗುತ್ತದೆ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅದಕ್ಕೇ ಯುರೋಪಿನ ಇಎನ್ 14604 ಮಾನದಂಡದಲ್ಲಿ ಇಂಥ ವಾಹನಗಳಿಗೆ ಹೊಂದುವ ಅಲಾರಂಗಳಿಗೆಂದೇ ಹೆಚ್ಚಿನ ಬೇಡಿಕೆಗಳಿವೆ. ಕೊಳ್ಳುವಾಗ ಪೊಟ್ಟಣದ ಮೇಲೆ ಕ್ಯಾರವಾನಿಗೆ ಸೂಕ್ತ ಎಂದು ಬರೆದಿದೆಯೇ ನೋಡಿ.

ಜಾಗ ಆರಿಸುವುದು ಚಾವಣಿಯಲ್ಲೇ. ಹೊಗೆ ಬಿಸಿ, ಬಿಸಿ ಗಾಳಿ ಹಗುರ, ಅದು ಮೇಲೇರುತ್ತದೆ. ಆದರೆ ಗೋಡೆ ಮತ್ತು ಚಾವಣಿ ಸೇರುವ ಮೂಲೆಯಲ್ಲಿ ಗಾಳಿ ಹೆಚ್ಚು ಆಡುವುದಿಲ್ಲ. ಹೊಗೆ ಅಲ್ಲಿಗೆ ತಡವಾಗಿ ತಲುಪುತ್ತದೆ. ಮೂಲೆ ಬಿಟ್ಟು, ಹಾಸಿಗೆಗೆ ಹತ್ತಿರ, ಒಲೆಯಿಂದ ಆದಷ್ಟು ದೂರ ಹಾಕಬೇಕು.

ಇಲ್ಲಿಯವರೆಗೆ ಹೇಳಿದ್ದು ಹೊಗೆಯ ಮಾತು. ಕ್ಯಾರವಾನಿನಲ್ಲಿ ಇನ್ನೂ ಇಬ್ಬರು ಶತ್ರುಗಳಿದ್ದಾರೆ. ಸ್ಮೋಕ್ ಅಲಾರಂಗೆ ಇಬ್ಬರೂ ಕಾಣುವುದಿಲ್ಲ.

ಮೊದಲನೆಯದು ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಬಿಗಿಯಾಗಿ ಅಂಟುತ್ತದೆ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ದಿನವಿಡೀ ಗಾಡಿ ಓಡಿಸಿದ ದಣಿವು ಎಂದುಕೊಂಡು ಮಲಗಿಬಿಡುತ್ತೇವೆ. ಸರಿಯಾಗಿ ಉರಿಯದ ಹೀಟರ್, ಪಕ್ಕದಲ್ಲಿ ಓಡುತ್ತಿರುವ ಜನರೇಟರ್, ಇವು ಅದರ ಮೂಲಗಳು. ಇವೆಲ್ಲಕ್ಕಿಂತ ಮೋಸದ್ದು ಇದ್ದಿಲ ಒಲೆ. ಹೊರಗೆ ಅಡುಗೆ ಮುಗಿದಿರುತ್ತದೆ, ಜ್ವಾಲೆ ಇರುವುದಿಲ್ಲ, ಕೆಂಡ ಬೂದಿ ಮುಚ್ಚಿಕೊಂಡಿರುತ್ತದೆ. ಚಳಿಯೆಂದು ಅದನ್ನು ಒಳಗೆ ತರುತ್ತಾರೆ. ಆ ಕೆಂಡ ಗಂಟೆಗಟ್ಟಲೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಹೀಗೆ ಮಲಗಿದ ಕುಟುಂಬಗಳು ಬೆಳಿಗ್ಗೆ ಎದ್ದಿಲ್ಲ. ದಯವಿಟ್ಟು ಇದ್ದಿಲ ಒಲೆಯನ್ನು ಯಾವ ಕಾರಣಕ್ಕೂ ಒಳಗೆ ತರಬೇಡಿ, ಆರಿದಂತೆ ಕಂಡರೂ ಸರಿ.

ಈ ಅನಿಲದ ತೂಕ ಹೆಚ್ಚು ಕಡಿಮೆ ಗಾಳಿಯಷ್ಟೇ. ಮೇಲೂ ಹೋಗದೆ ಕೆಳಗೂ ಕೂರದೆ ಎಲ್ಲ ಕಡೆ ಬೆರೆಯುತ್ತದೆ. ಇದರ ಅಲಾರಂ ಬೇರೆಯೇ ಇದೆ. ಯುರೋಪಿನಲ್ಲಿ ಕ್ಯಾರವಾನ್ ಮತ್ತು ದೋಣಿಗಳಿಗೆಂದೇ ಇಎನ್ 50291 ಎಂಬ ಮಾನದಂಡದ ಎರಡನೇ ಭಾಗವಿದೆ. ಈ ಅಲಾರಂ ಅನಿಲ ಕಂಡ ಕೂಡಲೇ ಕೂಗುವ ಯಂತ್ರವಲ್ಲ, ಕಾಲದ ಲೆಕ್ಕ ಇಡುತ್ತದೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು ಈ ಅನಿಲವಿದ್ದರೆ 60ರಿಂದ 90 ನಿಮಿಷದೊಳಗೆ ಕೂಗುತ್ತದೆ. 300 ಪಾಲಿದ್ದರೆ 3 ನಿಮಿಷದೊಳಗೆ. ದೇಹದಲ್ಲಿ ವಿಷ ಸೇರುವ ವೇಗಕ್ಕೆ ತಕ್ಕಂತೆ ಹೀಗೆ ಮಾಡಿದ್ದಾರೆ.

ಎರಡನೆಯದು ಒಲೆಯ ಗ್ಯಾಸ್. ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ನೀರಿನಂತೆ ನೆಲಕ್ಕಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಸುಮಾರು 2.1 ಪಾಲು ಬೆರೆತರೆ ಸಾಕು, ಒಂದು ಕಿಡಿಗೆ ಸ್ಫೋಟಿಸುತ್ತದೆ. ನಮ್ಮ 22 ಘನ ಮೀಟರಿನ ಕ್ಯಾರವಾನಿಗೆ ಲೆಕ್ಕ ಹಾಕಿ: ಅರ್ಧ ಘನ ಮೀಟರಿಗೂ ಕಡಿಮೆ ಗ್ಯಾಸ್. ತೂಕದಲ್ಲಿ ಒಂದು ಕಿಲೋ ಕೂಡ ಇಲ್ಲ. ಅದೂ ಇಡೀ ಕೋಣೆಗೆ ಸಮನಾಗಿ ಹರಡಿದರೆ ಮಾತ್ರ. ನೆಲದ ಮಟ್ಟದಲ್ಲಿ ಶೇಖರವಾದರೆ ಇನ್ನೂ ಕಡಿಮೆಯೇ ಸಾಕು. ಹಾಗಾಗಿ ಗ್ಯಾಸ್ ಡಿಟೆಕ್ಟರ್ ಇರಬೇಕಾದದ್ದು ನೆಲದ ಹತ್ತಿರ. ಚಾವಣಿಗೆ ಹಾಕಿದರೆ ಅದು ಇದ್ದೂ ಇಲ್ಲದಂತೆ. ಅಮೆರಿಕದಲ್ಲಿ ಇಂಥ ವಾಹನಗಳ ಮಾನದಂಡವಾದ ಎನ್‌ಎಫ್‌ಪಿಎ 1192 ಸ್ಮೋಕ್, ಕಾರ್ಬನ್ ಮಾನಾಕ್ಸೈಡ್, ಪ್ರೊಪೇನ್ ಮೂರಕ್ಕೂ ಎಚ್ಚರಿಕೆ ವ್ಯವಸ್ಥೆ ಕೇಳುತ್ತದೆ.

ಇದೇ ಕಾರಣಕ್ಕೆ ಎಷ್ಟೋ ಕ್ಯಾರವಾನ್‌ಗಳ ನೆಲದಲ್ಲಿ, ಗ್ಯಾಸ್ ಉಪಕರಣಗಳ ಹತ್ತಿರ, ಬಲೆ ಹಾಕಿದ ಸಣ್ಣ ಕಿಂಡಿಗಳನ್ನು ಬಿಟ್ಟಿರುತ್ತಾರೆ. ಸೋರಿದ ಗ್ಯಾಸ್ ತನ್ನ ಭಾರಕ್ಕೆ ತಾನೇ ಹೊರಗೆ ಇಳಿದುಹೋಗಲಿ ಎಂದು. ಚಳಿಗಾಳಿ ಬರುತ್ತದೆ, ಇರುವೆ ಬರುತ್ತದೆ ಎಂದು ಅದಕ್ಕೆ ಬಟ್ಟೆ ತುರುಕುವವರಿದ್ದಾರೆ. ಟೇಪ್ ಅಂಟಿಸುವವರಿದ್ದಾರೆ. ಯಾವ ಬ್ಯಾಟರಿಯೂ ಬೇಡದ, ಎಂದೂ ಕೆಡದ ರಕ್ಷಣೆಯನ್ನು ಅವರು ತಮ್ಮ ಕೈಯಾರೆ ಮುಚ್ಚಿರುತ್ತಾರೆ. ನಿಮ್ಮ ಗಾಡಿಯಲ್ಲಿ ಹಾಗಿದ್ದರೆ ಇವತ್ತೇ ತೆಗೆಯಿರಿ.

ಕೂಗಿನ ಬಗ್ಗೆ ಒಂದೆರಡು ಮಾತು. 3 ಮೀಟರ್ ದೂರದಲ್ಲಿ 85 ಡೆಸಿಬೆಲ್ ಕೇಳಬೇಕು ಎಂಬುದು ಸಾಮಾನ್ಯ ಅಳತೆ. ಕ್ಯಾರವಾನ್ ಚಿಕ್ಕದು, ಅಷ್ಟು ಕೇಳಿಯೇ ಕೇಳುತ್ತದೆ. ಆದರೆ ಹೆಚ್ಚಿನ ಅಲಾರಂಗಳ ದನಿ 3,000 ಹರ್ಟ್ಸ್ ಆಸುಪಾಸಿನ ಕೀರಲು ದನಿ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ದನಿಗಳನ್ನೇ. ಗಾಢವಾಗಿ ಮಲಗುವ ಮಕ್ಕಳೂ ಅದಕ್ಕೆ ಏಳದಿರಬಹುದು. 520 ಹರ್ಟ್ಸ್‌ನ ತಗ್ಗು ದನಿ ಇವರನ್ನು ಹೆಚ್ಚು ಚೆನ್ನಾಗಿ ಎಬ್ಬಿಸುತ್ತದೆ ಎಂದು ಕಂಡುಬಂದಿದೆ. ಅಜ್ಜ, ಅಜ್ಜಿ, ಮಕ್ಕಳು ಜೊತೆಗಿದ್ದರೆ ಅವರನ್ನು ಎಬ್ಬಿಸುವುದು ಯಾರು ಎಂದು ಮೊದಲೇ ಮಾತಾಡಿಕೊಳ್ಳಿ. ಬಾಗಿಲು ಬಿಟ್ಟರೆ ಹೊರಬರುವ ಕಿಟಕಿ ಯಾವುದು, ಅದರ ಹಿಡಿಕೆ ಹೇಗೆ ತಿರುಗುತ್ತದೆ ಎಂಬುದನ್ನು ಬೆಳಕಿರುವಾಗಲೇ ಒಮ್ಮೆ ತೆರೆದು ನೋಡಿ.

ಹಳೆಯ ಕ್ಯಾರವಾನ್ ಕೊಂಡವರಿಗೆ ಕೊನೆಯದಾಗಿ ಒಂದು ವಿಷಯ. ಚಾವಣಿಯಲ್ಲಿ ಅಲಾರಂ ಇದೆ, ಬಟನ್ ಒತ್ತಿದರೆ ಕೂಗುತ್ತದೆ, ಸರಿ ಇದೆ ಎಂದು ಬಿಟ್ಟುಬಿಡುತ್ತೇವೆ. ಬಟನ್ ಹೇಳುವುದು ಬ್ಯಾಟರಿ, ಸರ್ಕ್ಯೂಟ್, ಹಾರ್ನ್ ಸರಿ ಇವೆ ಎಂದು. ಹೊಗೆ ಒಳಹೋಗುವ ದಾರಿ ತೆರೆದಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ವರ್ಷಗಳ ಧೂಳು, ಅಡುಗೆಯ ಜಿಡ್ಡು, ಪುಟ್ಟ ಜೇಡಗಳು ಆ ಗೂಡನ್ನು ಸೇರಿಕೊಂಡಿರಬಹುದು. ಸ್ಮೋಕ್ ಅಲಾರಂನ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಅದನ್ನು ತಿರುಗಿಸಿ ಬಿಚ್ಚಿ, ಬೆನ್ನು ನೋಡಿ. ಅಲ್ಲಿ ತಯಾರಾದ ದಿನಾಂಕ ಅಚ್ಚಾಗಿರುತ್ತದೆ. 10 ವರ್ಷ ಕಳೆದಿದ್ದರೆ, ಎಷ್ಟೇ ಜೋರಾಗಿ ಕೂಗಿದರೂ, ಮುಂದಿನ ಪ್ರಯಾಣಕ್ಕೆ ಹೊಸದನ್ನು ಹಾಕಿಕೊಂಡು ಹೊರಡಿ.