ಇಳಕಲ್ ಸೀರೆ ಫೋನಿಗೆ ಬಂದದ್ದು ಹೇಗೆ?

ಶಾಪಿಂಗ್ ಆ್ಯಪ್‌ನಲ್ಲಿ ‘ಇಳಕಲ್ ಸೀರೆ’ ಅಂತ ಹುಡುಕಿ ನೋಡಿ. ಸಾಲು ಸಾಲು ಬರುತ್ತವೆ. ಐನೂರು, ಆರುನೂರು ರೂಪಾಯಿಯವೂ ಇರುತ್ತವೆ. ಆ ಬೆಲೆಗೆ ಕೈಮಗ್ಗದ ಇಳಕಲ್ ಸೀರೆ ಸಿಗುವುದು ಸಾಧ್ಯವೇ ಇಲ್ಲ.

ಯಾಕೆ ಅಂದರೆ ಆ ಸೀರೆಯ ಕೆಲಸವೇ ಹಾಗಿದೆ. ಒಡಲಿನ ಹಾಸು (ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳು) ಹತ್ತಿಯದು, ಸೆರಗಿನದು ರೇಷ್ಮೆಯದು. ಎರಡನ್ನೂ ಬೇರೆ ಬೇರೆ ತಯಾರು ಮಾಡಿ, ಎಳೆ ಎಳೆಗೂ ಕೊಂಡಿ ಹಾಕಿ ಜೋಡಿಸಬೇಕು. ಹೀಗೆ ಜೋಡಿಸಿದ ಸೆರಗಿಗೆ ಟೋಪ್ ತೆನಿ ಸೆರಗು ಅನ್ನುತ್ತಾರೆ. ಬೇರೆ ಎಷ್ಟೋ ಕಡೆ ಒಮ್ಮೆ ಹಾಸು ಏರಿಸಿದರೆ ಹಲವು ಸೀರೆ ನೇಯಬಹುದು. ಇಲ್ಲಿ ಆರು ಗಜವಿರಲಿ, ಎಂಟು ಗಜವಿರಲಿ, ಪ್ರತಿ ಸೀರೆಗೂ ಹೊಸ ಹಾಸು. ಒಬ್ಬರಿಂದ ಮುಗಿಯುವ ಕೆಲಸವಲ್ಲ, ಮನೆಮಂದಿಯೆಲ್ಲ ಕೈ ಹಾಕಬೇಕು.

ಇಷ್ಟು ಮಾಡಿದವರ ಕೈಯಲ್ಲಿ ಮಾರಾಟ ಮಾತ್ರ ಇರಲಿಲ್ಲ. ಸಾವ್ಕಾರ ನೂಲು ಕೊಡುತ್ತಿದ್ದ, ಕೂಲಿ ಎಣಿಸಿ ಸೀರೆ ಒಯ್ಯುತ್ತಿದ್ದ. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂತು, ಅದರ ಪ್ರಿಯದರ್ಶಿನಿ ಮಳಿಗೆಗಳೂ ಬಂದವು. ಕೆಲವರಿಗೆ ಅದರಿಂದ ಕೆಲಸ ಸಿಕ್ಕಿತು, ನಿಜ. ಆದರೆ ಸೀರೆ ಎಷ್ಟಕ್ಕೆ ಹೋಯಿತು, ಯಾರು ಉಟ್ಟರು ಅನ್ನುವುದು ಮಗ್ಗದಲ್ಲಿ ಕೂತವರಿಗೆ ಆಗಲೂ ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಪವರ್‌ಲೂಮ್ ನಕಲು ಹೆಚ್ಚಾಯಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆಯನ್ನು ಕೇಂದ್ರ 1985ರಲ್ಲಿ ತಂದಿತು. ಮುಂದೆ ಇಳಕಲ್ ಸೀರೆಗೆ ಜಿಐ ಟ್ಯಾಗ್, ಅಂದರೆ ಆ ಊರಿನ ವಿಶಿಷ್ಟ ಸರಕು ಎಂಬ ಕಾನೂನಿನ ಗುರುತು, ಕೂಡ ಸಿಕ್ಕಿತು. ಆದರೆ ಅಸಲಿ ಯಾವುದು, ನಕಲಿ ಯಾವುದು ಅಂತ ಕೊಳ್ಳುವವರಿಗೆ ಯಾರಾದರೂ ಹೇಳಬೇಕಲ್ವಾ? ಎರಡನ್ನೂ ಮಾರುವ ಅಂಗಡಿಯವನು ಯಾಕೆ ಹೇಳುತ್ತಾನೆ? ನೇಯುವವರ ಗಳಿಕೆಯಂತೂ ಕಡಿಮೆಯೇ: 2019-20ರ ಕೈಮಗ್ಗ ಗಣತಿಯ ಪ್ರಕಾರ, ದೇಶದ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ತಿಂಗಳಿಗೆ 5,000 ರೂಪಾಯಿಯೂ ಸಿಗುತ್ತಿರಲಿಲ್ಲ.

2016ರಲ್ಲಿ ಯುಪಿಐ ಬಂತು, ಜಿಯೋ ಬಂತು, ನವೆಂಬರ್‌ನಲ್ಲಿ ನೋಟು ರದ್ದಾಯಿತು. ಫೋನಿನಲ್ಲೇ ಫೋಟೊ ಕಳಿಸಿ ದುಡ್ಡು ಪಡೆಯುವುದು ಸುಲಭವಾಯಿತು. ಆದರೂ ಸಾವ್ಕಾರ, ಅಂಗಡಿ, ಮೇಳಗಳ ಹಳೆಯ ದಾರಿ ಪೂರ್ತಿ ಮುಚ್ಚಿದ್ದು 2020ರ ಲಾಕ್‌ಡೌನ್‌ನಲ್ಲೇ. ಮದುವೆ ಸೀಸನ್ ಹೋಯಿತು, ಮೇಳಗಳು ನಿಂತವು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋನಿನ ಫೋಟೊ ಒಂದೇ ಅಂಗಡಿಯಾಯಿತು.

ದೊಡ್ಡ ಶಾಪಿಂಗ್ ತಾಣಗಳ ಬದಲು ವಾಟ್ಸ್‌ಆ್ಯಪ್ ಯಾಕೆ ಸಲೀಸು ಅನ್ನಿಸಿತು ಅನ್ನುವುದಕ್ಕೆ ಒಂದು ಕಾರಣ ಜಿಎಸ್‌ಟಿ. ವಹಿವಾಟು ಎಷ್ಟೇ ಚಿಕ್ಕದಿರಲಿ, ಅಂಥ ತಾಣಗಳಲ್ಲಿ ಸರಕು ಮಾರಲು ನೋಂದಣಿ ಬೇಕೇ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ವಿನಾಯಿತಿ ಸಿಕ್ಕಿತು, ಆದರೆ ರಾಜ್ಯದ ಒಳಗಿನ ಮಾರಾಟಕ್ಕೆ ಮಾತ್ರ. ಇಳಕಲ್ ಸೀರೆ ಉಡುವವರು ಮಹಾರಾಷ್ಟ್ರದಲ್ಲೂ ಬೇಕಾದಷ್ಟಿದ್ದಾರೆ. ಆ ಗಿರಾಕಿಗೆ ತಾಣದ ಮೂಲಕ ಮಾರಬೇಕಾದರೆ ಮತ್ತೆ ನೋಂದಣಿ, ಮತ್ತೆ ಲೆಕ್ಕಪತ್ರ. ಮಗ್ಗ ಬಿಟ್ಟು ಇದನ್ನು ಮಾಡುವವರು ಯಾರು?

ಹಾಗಂತ ಆ ತಾಣಗಳಿಂದ ದೂರ ಉಳಿದರೂ ಆಗದು. ನೇಕಾರ ಅಲ್ಲಿ ಇರಲಿ, ಬಿಡಲಿ, ಇಳಕಲ್ ಎಂಬ ಹೆಸರು ಆಗಲೇ ಅಲ್ಲಿ ಮಾರಾಟಕ್ಕಿದೆ. ಬೆಲೆಯಲ್ಲಿ ನಕಲಿಯನ್ನು ಸೋಲಿಸಲು ಹೋಗುವುದು ಸುಮ್ನೆ ದಂಡ. ತೋರಿಸಲು ಇರುವುದು ಕೆಲಸ ಮಾತ್ರ. ಚಂದದ ಫೋಟೊಗಿಂತ ಕೊಂಡಿ ಹಾಕುವ ಅರ್ಧ ನಿಮಿಷದ ವಿಡಿಯೊ ಜಾಸ್ತಿ ಹೇಳುತ್ತದೆ. ಓದಿದ ಮಗಳೋ ಮಗನೋ ಇರುವ ಮನೆಗೆ ಇದು ಸುಲಭ. ಇಲ್ಲದವರ ಪರವಾಗಿ ನೇಕಾರರ ಸಹಕಾರ ಸಂಘಗಳೇ ಒಂದು ನೋಂದಣಿ ಮಾಡಿಸಿ, ವಿಡಿಯೊ, ಕೊರಿಯರ್, ವಾಪಸ್ ಬಂದ ಸೀರೆಯ ಲೆಕ್ಕ ನೋಡಲು ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು.